ಗೂಡಿನಿಂದ ಗೂಡಿಗೆ

ಬೋರ್ನಿಯೊ ದ್ವೀಪದ ಇಂಡೊನೇಷ್ಯಾ ಭಾಗದಲ್ಲಿ ತಂಜುಂಗ್ ಪುಟಿಂಗ್ ಎಂಬ ಮಳೆಕಾಡಿದೆ. ಒರಾಂಗುಟಾನ್ ವಾನರಗಳನ್ನು ಅಭ್ಯಸಿಸಲು ಬಿರುಟೆ ಗಾಲ್ಡಿಕಾಸ್ ಅವರು 1971ರಲ್ಲಿ ಪತಿಯೊಡನೆ ಅಲ್ಲಿ ಬಿಡಾರ ಹೂಡಿದರು. ಗುರು ಲೂಯಿ ಲೀಕಿಯವರ ಹೆಸರಿನಿಂದ ಅದು ‘ಕ್ಯಾಂಪ್ ಲೀಕಿ’ ಎನಿಸಿತು. ಆಗ ಅಲ್ಲಿ ರಸ್ತೆ, ವಿದ್ಯುತ್ತು, ದೂರವಾಣಿ ಯಾವುದೂ ಇರಲಿಲ್ಲ, ಹೊಳೆಯೇ ಹಾದಿ.

ಮಲಯ ಭಾಷೆಯಲ್ಲಿ ‘ಒರಾಂಗ್’ ಎಂದರೆ ಮನುಷ್ಯ, ‘ಹುತಾನ್’ ಎಂದರೆ ಕಾಡು. ಕನ್ನಡ, ಮರಾಠಿಗಳಲ್ಲಿ ಕಾಡು ಮೊದಲು ಬಂದರೆ ಅವರಲ್ಲಿ ಮನುಷ್ಯ ಮೊದಲು. ಈ ಕಾಡಮನುಷ್ಯನು ಹೆಚ್ಚಾಗಿ ಮರದ ಮೇಲೆಯೇ ಬಾಳುತ್ತಾನೆ. ಸಂಜೆಯಾದೊಡನೆ ಕೊಂಬೆಗಳನ್ನು ಬಾಗಿಸಿ ಗೂಡು ಕಟ್ಟಿ ಮಲಗುತ್ತಾನೆ.

ಅವನು ಏಳುವ ಮುನ್ನವೇ ಸಂಶೋಧಕರು ಗೂಡಿನ ಕೆಳಗೆ ನಿಂತಿರಬೇಕು. ತಡವಾದರೆ ಆ ದಿನದ ಕೆಲಸವೇ ಕೈತಪ್ಪುತ್ತದೆ. ಜಿಗಣೆಗಳಿಂದ ತುಂಬಿದ ಜೌಗಿನಲ್ಲಿ ನಡೆಯುತ್ತ, ಅವನು ಏನು ತಿಂದನು, ಎಷ್ಟು ಹೊತ್ತು ವಿಶ್ರಮಿಸಿದನು, ಎತ್ತ ಸಾಗಿದನು ಎಂಬುದನ್ನು ಬರೆದುಕೊಳ್ಳಬೇಕು. ಸಂಜೆಯ ಗೂಡನ್ನು ಗುರುತಿಸಿಕೊಂಡ ಮೇಲೆಯೇ ಬಿಡಾರಕ್ಕೆ ಮರಳುವುದು.

ಇಂಥ ದುಡಿಮೆ ದಶಕಗಳವರೆಗೆ ಏಕೆ ನಡೆಯಬೇಕು? ಒಂದು ಮರಿಗೆ ಜನ್ಮವಿತ್ತ ತಾಯಿ ಇನ್ನೊಂದು ಮರಿಗೆ ಜನ್ಮವೀಯಲು ಸುಮಾರು 7-8 ವರ್ಷ ಹಿಡಿಯುತ್ತದೆ. ಎರಡು ವರ್ಷ ಇದ್ದು ಹೊರಟುಹೋದವರಿಗೆ ಈ ಸಂಗತಿ ಕಾಣುವುದೇ ಇಲ್ಲ. ಬೇಟೆಗೆ ಒಬ್ಬ ತಾಯಿ ಬಲಿಯಾದರೆ, ಕಾಡು ಕಡಿದು ಎಣ್ಣೆತಾಳೆಯ ತೋಟವಾದರೆ, ಆ ನಷ್ಟ ಬೇಗನೆ ತುಂಬಿ ಬರದು. ಆ ಎಚ್ಚರಿಕೆಯನ್ನು ನಾವು ಇಂದು ಖಚಿತವಾಗಿ ಹೇಳಬಲ್ಲೆವಾದರೆ, ಅದಕ್ಕೆ ಆಧಾರ ಜೌಗಿನಲ್ಲಿ ನಿಂತು ಬರೆದ ಇಂಥ ದಿನಚರಿಗಳೇ.