ಸುಂಕದಕಟ್ಟೆ ಜಂಕ್ಷನ್

ಮಾಗಡಿ ರಸ್ತೆಯ ಈ ಭಾಗಕ್ಕೆ ರೈಲು ಬರಲೇ ಇಲ್ಲ. ಮೈಸೂರಿನ ಹಳಿ ನಾಯಂಡಹಳ್ಳಿ, ಕೆಂಗೇರಿಯ ದಾರಿ ಹಿಡಿಯಿತು. ತುಮಕೂರಿನದು ಯಶವಂತಪುರ, ಚಿಕ್ಕಬಾಣಾವರದ ಕಡೆ ಹೊರಳಿತು. ನಡುವೆ ಉಳಿದ ಸುಂಕದಕಟ್ಟೆಗೆ ಬಿಎಂಟಿಸಿ ಬಸ್ಸು, ಲೇತ್ ಮಷೀನು, ಗಾರ್ಮೆಂಟ್ಸು, ಸಂಜೆಯ ಟ್ರಾಫಿಕ್ಕು. ಆದರೂ ಪೈಪ್‌ಲೈನ್ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ, ಟರ್ನಿಂಗ್ ಶಾಪೊಂದರ ಮಹಡಿಯ ಮೇಲೆ, ಹಳದಿ ಬಣ್ಣದ ರೈಲ್ವೆ ಬೋರ್ಡು ನಿಂತಿದೆ. ಕಪ್ಪಕ್ಷರ, ಮೇಲೆ ಕನ್ನಡ, ಅದರ ಕೆಳಗೆ ಹಿಂದಿ, ಇಂಗ್ಲಿಷು. ಬೋರ್ಡಿನ ಅಗಲ ನಾಲ್ಕು ಸೆಂಟಿಮೀಟರು. ಬಗ್ಗಿ ನೋಡಿದರೆ ಓದಬಹುದು: ಸುಂಕದಕಟ್ಟೆ.

2024ರ ಆಗಸ್ಟ್‌ನಲ್ಲಿ ಕೇಂದ್ರದ ಒಪ್ಪಿಗೆ ಪಡೆದ ಮೆಟ್ರೊ ಮೂರನೇ ಹಂತದ ಹೊಸಹಳ್ಳಿ–ಕಡಬಗೆರೆ ಮಾರ್ಗ, ಹನ್ನೆರಡೂವರೆ ಕಿಲೋಮೀಟರಿನದು, ಮಾಗಡಿ ರಸ್ತೆಯ ನೆತ್ತಿಯ ಮೇಲೆ ಹಾಯಬೇಕು. ಅದು ಬರುವಾಗ ಬರಲಿ. ಮಹಡಿಯ ಸ್ಟೇಷನ್ನಿನಲ್ಲಿ ಗಾಡಿ ಆಗಲೇ ಓಡುತ್ತಿದೆ.

ಭಾನುವಾರ ಬೆಳಿಗ್ಗೆ ಕೆಳಗಿನ ಲೇತ್‌ಗಳಿಗೆ ರಜೆ. ಕಟಿಂಗ್ ಆಯಿಲಿನ ವಾಸನೆಗೆ ಮಾತ್ರ ರಜೆಯಿಲ್ಲ, ಅದು ಮೆಟ್ಟಿಲು ಹತ್ತಿ ಬರುತ್ತದೆ. ಕಿರು ರೈಲುಗಳ ಹವ್ಯಾಸಿಗಳು ಒಬ್ಬೊಬ್ಬರಾಗಿ ಬರುತ್ತಾರೆ. ಕೆಂಗೇರಿಯ ಮೇಷ್ಟ್ರು ಆಟೊದಲ್ಲಿ, ತೊಡೆಯ ಮೇಲೆ ನಾಲ್ಕಡಿ ಉದ್ದದ ಪ್ಲೈವುಡ್ ಹಲಗೆ ಅಡ್ಡಲಾಗಿ ಹಿಡಿದು, ಅದರ ತುದಿ ರಸ್ತೆಗೆ ಚಾಚಿಕೊಂಡು. ಬಸವೇಶ್ವರನಗರದ ದಂಪತಿ ಕಾರಿನಲ್ಲಿ. ವಿಜಯನಗರದ ಪಿಯುಸಿ ಹುಡುಗ ಬಸ್ಸಿನಲ್ಲಿ, ಬ್ಯಾಗನ್ನು ಹೊಟ್ಟೆಗವಚಿಕೊಂಡು. ಶೂ ಡಬ್ಬ, ಮೈಸೂರುಪಾಕಿನ ಡಬ್ಬ, ಎಲ್ಲಕ್ಕೂ ಒಳಗೆ ಸ್ಪಂಜು; ಸ್ಪಂಜಿನ ಸೀಳಿನಲ್ಲಿ ಒಂದೊಂದು ಬೋಗಿ ಮಲಗಿದೆ.

ಒಬ್ಬೊಬ್ಬರ ಹಲಗೆಯ ಮೇಲೂ ಒಂದೊಂದು ಊರು. ಹಲಗೆಗಳನ್ನು ಸಾಲಾಗಿ ಇಟ್ಟು ಸಿ-ಕ್ಲ್ಯಾಂಪ್ ಬಿಗಿದರೆ ಗೋಡೆಯಿಂದ ಗೋಡೆಗೆ ಒಂದೇ ದಾರಿ. ಇಪ್ಪತ್ತು-ಮೂವತ್ತರ ಸೈಟಿನ ಮನೆಗಳಲ್ಲಿ ಪೂರ್ತಿ ರೈಲ್ವೆ ಕಟ್ಟಿಡಲು ಯಾರಿಗೆ ಜಾಗವಿದೆ? ಪುಣೆಯ ಕೋಥ್ರೂಡಿನಲ್ಲಿ ಭಾವೂಸಾಹೇಬ್ ಜೋಶಿಯವರ ಕಿರು ರೈಲುಗಳ ಮ್ಯೂಸಿಯಂ 1998ರಿಂದ ಇದೆ. ಅಲ್ಲಿ ನಾವು ಟಿಕೆಟ್ಟು ತೆಗೆದುಕೊಂಡು ನೋಡುವವರು. ಇಲ್ಲಿ ಬಂದವರೆಲ್ಲ ಓಡಿಸುವವರು.

ಬಸವೇಶ್ವರನಗರದವರ ಹಲಗೆ ದೊಡ್ಡಜಾಲ. 1915ರ ಸುಮಾರಿಗೆ ಚಿಕ್ಕಬಳ್ಳಾಪುರದ ಕಡೆ ಹಾಕಿದ ನ್ಯಾರೋಗೇಜ್ ಹಳಿಯ ಮೇಲಿನ ಕಲ್ಲುಕಟ್ಟಡದ ಪುಟ್ಟ ಸ್ಟೇಷನ್ನು. ಗೋಡೆ ಫೋಮ್ ಶೀಟಿನದು. ಖಾಲಿಯಾದ ಬಾಲ್‌ಪೆನ್ನಿನಿಂದ ಒಂದೊಂದೇ ಕಲ್ಲಿನ ಗೆರೆ ಒತ್ತಿ, ಬೂದು ಬಣ್ಣ ಬಳಿದು, ಒಣಗುವ ಮೊದಲೇ ಬಟ್ಟೆಯಿಂದ ಒರೆಸಿದ್ದಾರೆ. ಗೆರೆಯೊಳಗೆ ಉಳಿದ ಬಣ್ಣವೇ ಗಾರೆಯಾಗಿದೆ. ಹಳಿಯ ಜಲ್ಲಿಗೆ ಮೊದಲು ರಾಗಿ ಹಾಕಿದ್ದರಂತೆ. ಇವರೆಲ್ಲರ ಅಳತೆ ಎಚ್‌ಒ, ಅಂದರೆ ನಿಜದ ಎಂಬತ್ತೇಳನೇ ಒಂದು ಪಾಲು. ಆ ಲೆಕ್ಕದಲ್ಲಿ ಒಂದು ರಾಗಿಕಾಳು ಹತ್ತು ಸೆಂಟಿಮೀಟರಿಗೂ ಮಿಕ್ಕ ಬಂಡೆ. ಚಿರೋಟಿ ರವೆ ಅಳತೆಗೆ ಸರಿಹೋಯಿತು, ಇರುವೆಗಳಿಗೂ ಸರಿಹೋಯಿತು. ಈಗ ಜರಡಿ ಹಿಡಿದ ಎಂ-ಸ್ಯಾಂಡಿನ ಪುಡಿ, ಮೇಲೆ ನೀರು ಬೆರೆಸಿದ ಫೆವಿಕಾಲು.

ಯಜಮಾನರ, ಎಂದರೆ ಟರ್ನಿಂಗ್ ಶಾಪಿನವರ, ಹಲಗೆಯೇ ಸುಂಕದಕಟ್ಟೆ. ಪ್ಲಾಟ್‌ಫಾರಂ ಹಿಂದೆ ಶಟರ್ ಅರ್ಧ ಎತ್ತಿದ ವರ್ಕ್‌ಶಾಪು, ಎಳನೀರಿನ ಗಾಡಿ, ಎರಡು ಸೆಂಟಿಮೀಟರೂ ಇಲ್ಲದ ಎತ್ತರದ ಜನ. ವರ್ಕ್‌ಶಾಪಿನ ಮುಂದೆ ಹಿತ್ತಾಳೆ ಪುಡಿಯ ಪುಟ್ಟ ಗುಡ್ಡೆ ಮಿನುಗುತ್ತದೆ. ಅದು ಬಣ್ಣವಲ್ಲ, ಕೆಳಗಿನ ಲೇತಿನಿಂದ ಗುಡಿಸಿ ತಂದ ಅಸಲಿ ಪುಡಿ. ನನಗೆ ಇಡೀ ಸಾಲಿನಲ್ಲಿ ಹೆಚ್ಚು ಹಿಡಿಸಿದ್ದು ಈ ಗುಡ್ಡೆಯೇ.

ಮೇಷ್ಟ್ರದು ಯಡಕುಮೇರಿ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗ, 109 ಸೇತುವೆ. ಹಳಿಯ ಏರು ಐವತ್ತಕ್ಕೆ ಒಂದು. ನಾಲ್ಕಡಿ ಹಲಗೆಗೆ ಆ ಏರು ತರಬೇಕಾದರೆ ಒಂದು ತುದಿಗಿಂತ ಇನ್ನೊಂದು ತುದಿ 24 ಮಿಲಿಮೀಟರ್ ಮೇಲೇಳಬೇಕು. ಎದ್ದರೆ ಪಕ್ಕದ ದೊಡ್ಡಜಾಲಕ್ಕೆ ಜೋಡಣೆಯಾಗುವುದಿಲ್ಲ. ಎಲ್ಲರ ಹಲಗೆಯ ತುದಿಯೂ ನೆಲದಿಂದ ಒಂದೇ ಎತ್ತರದಲ್ಲಿರಬೇಕೆಂಬುದು ಇಲ್ಲಿನ ಮೊದಲ ಕಟ್ಟಳೆ. ಮೇಷ್ಟ್ರು ಹಳಿಯನ್ನು ಮಟ್ಟವಾಗಿಯೇ ಬಿಟ್ಟು ನೆಲವನ್ನು ಕೊರೆದರು. ಥರ್ಮೊಕೋಲಿನ ಕಣಿವೆ ಕೆಳಗಿಳಿಯಿತು, ಸೇತುವೆಯ ಕಂಬಗಳು ಒಂದರಿಂದೊಂದು ಉದ್ದವಾದವು, ಹಿಂದಿನ ಬೆಟ್ಟ ಓರೆಯಾಯಿತು. ಗಾಡಿ ಸಪಾಟಾಗಿ ಹೋಗುತ್ತದೆ, ನೋಡುವವರ ಕಣ್ಣು ಏದುಸಿರು ಬಿಡುತ್ತದೆ.

ಇನ್ನೊಂದು ಅಳತೆಯ ಜಗಳ ಇಷ್ಟು ಸಲೀಸಾಗಿ ಮುಗಿಯುವಂಥದ್ದಲ್ಲ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಎಂಬತ್ತೇಳರಿಂದ ಭಾಗಿಸಿದರೆ 19ರ ಮೇಲೆ ಚೂರು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ ಹದಿನಾರೂವರೆ. ಅದು ಯುರೋಪು, ಅಮೆರಿಕದ ಸ್ಟ್ಯಾಂಡರ್ಡ್ ಗೇಜಿನ ಲೆಕ್ಕ. ಹಾಗಾಗಿ ಪೆರಂಬೂರಿನ ಐಸಿಎಫ್ ಕಾರ್ಖಾನೆಯ ಬೋಗಿಯನ್ನು ಎಷ್ಟೇ ಕರಾರುವಾಕ್ಕಾಗಿ ಮಾಡಿದರೂ, ಕಿಟಕಿಯ ಸರಳುಗಳನ್ನೂ ಎಣಿಸಿ ಹಾಕಿದರೂ, ಹಿಂದಿನಿಂದ ನೋಡಿದರೆ ಚಕ್ರಗಳು ಒಳಕ್ಕೆ ಸೇರಿಕೊಂಡಿರುತ್ತವೆ. ಬಸವೇಶ್ವರನಗರದವರಿಗೆ ಇದು ಸಹಿಸಲಾಗದ ಸಂಗತಿ.

“ಹತ್ತೊಂಬತ್ತು ಮಿಲಿಮೀಟರಿನ ಹಳಿ ನಾವೇ ಮಾಡ್ಕೊಳ್ಳೋಣ ಸಾರ್. ಲೇತ್ ಮನೆ ಕೆಳಗೇ ಇದೆ, ಚಕ್ರ ತಿರುವೋದೇನು ಕಷ್ಟ?”

“ತಿರುವಿ ಕೊಡ್ತೀನಿ ಸ್ವಾಮಿ,” ಎಂದರು ಯಜಮಾನರು. “ಆಮೇಲೆ ನಿಮ್ಮ ಗಾಡಿ ನಿಮ್ಮ ಮನೇಲೇ ಸುತ್ತಬೇಕು. ಇಲ್ಲಿಗೆ ಬರೋ ಹಾಗಿಲ್ಲ.”

ಮಾತು ಅಲ್ಲಿಗೆ ನಿಂತಿತು. ಬೆಂಗಳೂರಿನ ರೈಲ್ವೆಗೆ ಬೇರೆ ಬೇರೆ ಅಳತೆಯ ಹಳಿಗಳ ಬಿಸಿ ಚೆನ್ನಾಗಿ ಗೊತ್ತು. ಜೋಲಾರಪೇಟೆಯಿಂದ ದಂಡು ಪ್ರದೇಶಕ್ಕೆ 1864ರಲ್ಲಿ ಬಂದದ್ದು ಬ್ರಾಡ್‌ಗೇಜು, 1880ರ ದಶಕದಲ್ಲಿ ಮೈಸೂರು, ತುಮಕೂರಿಗೆ ಹೋದದ್ದು ಮೀಟರ್‌ಗೇಜು, ಚಿಕ್ಕಬಳ್ಳಾಪುರದ್ದು ನ್ಯಾರೋಗೇಜು. ಒಂದೇ ಊರಿನಲ್ಲಿ ಮೂರು ಅಳತೆ. ಮದರಾಸಿನಿಂದ ಬಂದ ಮೂಟೆ ಮೈಸೂರಿಗೆ ಹೋಗಬೇಕಾದರೆ ಹಮಾಲರ ಬೆನ್ನೇರಿ ಒಂದು ಗಾಡಿಯಿಂದ ಇನ್ನೊಂದಕ್ಕೆ ದಾಟಬೇಕಿತ್ತು. ಮೈಸೂರು ದಾರಿಗೆ ಬ್ರಾಡ್‌ಗೇಜ್ ಬಂದದ್ದು 1990ರ ದಶಕದಲ್ಲಿ. ಅಮೆರಿಕದ ಹವ್ಯಾಸಿಗಳು 1935ರಲ್ಲಿ ಮಿಲ್ವಾಕಿಯಲ್ಲಿ ಸೇರಿ ಎನ್‌ಎಂಆರ್‌ಎ ಎಂಬ ಸಂಘ ಕಟ್ಟಿಕೊಂಡದ್ದಕ್ಕೂ ಇದೇ ತಲೆನೋವು ಕಾರಣ: ಒಬ್ಬ ತಯಾರಕನ ಬೋಗಿ ಇನ್ನೊಬ್ಬನ ಹಳಿಯ ಮೇಲೆ ಓಡುತ್ತಿರಲಿಲ್ಲ. ಎರಡೂಮುಕ್ಕಾಲು ಮಿಲಿಮೀಟರಿನ ಸುಳ್ಳನ್ನು ಎಲ್ಲರೂ ಸೇರಿ ಒಪ್ಪಿಕೊಂಡರೆ ಹತ್ತು ಮನೆಯ ಗಾಡಿ ಒಂದೇ ದಾರಿಯಲ್ಲಿ ಓಡುತ್ತದೆ. ನನ್ನ ಓಟು ಯಜಮಾನರಿಗೆ.

ಹನ್ನೊಂದರ ಹೊತ್ತಿಗೆ ಹುಡುಗ ತನ್ನ ಎಂಜಿನ್ ಹೊರತೆಗೆದ. ಡಬ್ಲ್ಯುಡಿಎಂ-2, ವಾರಾಣಸಿಯಲ್ಲಿ 1964ರಿಂದ ತಯಾರಾಗುತ್ತಿದ್ದ, ಮೂಲದಲ್ಲಿ ಆಲ್ಕೊ ಕಂಪನಿಯ ಡೀಸೆಲ್. ಮೇಲಿನ ಕವಚ ತ್ರೀಡಿ ಪ್ರಿಂಟ್ ಮಾಡಿಸಿದ್ದು, ಕೆಳಗಿನ ಚಾಸಿ ಹೊರದೇಶದ ಆಲ್ಕೊ ಮಾದರಿಯದು. ಹಳಿಯ ಮೇಲಿಟ್ಟು ಕಂಟ್ರೋಲರಿನಲ್ಲಿ ನಂಬರ್ ಒತ್ತಿ ಗುಬುಟು ತಿರುಗಿಸಿದ. ಅವನ ಎಂಜಿನ್ ಹೊರಟಿತು. ಅತ್ತ ಯಡಕುಮೇರಿಯಲ್ಲಿ ನಿಂತಿದ್ದ ಮೇಷ್ಟ್ರ ಹೊಸ ಎಂಜಿನ್ನೂ ಹೊರಟಿತು, ಎದುರುಬದುರಾಗಿ.

“ಏಯ್ ತಮ್ಮಾ, ನಿಲ್ಸು ನಿಲ್ಸು!”

ಡಿಜಿಟಲ್ ವ್ಯವಸ್ಥೆಯಲ್ಲಿ ಹಳಿಗೆ ಕರೆಂಟು ಸದಾ ಇರುತ್ತದೆ, ಎಂಜಿನ್ನಿನೊಳಗಿನ ಡಿಕೋಡರು ತನ್ನ ನಂಬರ್ ಕೂಗಿದಾಗ ಮಾತ್ರ ಓಗೊಡುತ್ತದೆ. ಕಾರ್ಖಾನೆಯಿಂದ ಬರುವಾಗ ಎಲ್ಲದರ ನಂಬರೂ 3. ಮನೆಯಲ್ಲಿ ಒಂದೇ ಎಂಜಿನ್ ಇದ್ದವನಿಗೆ ಅದನ್ನು ಬದಲಿಸುವ ಗೊಡವೆಯೇ ಇರುವುದಿಲ್ಲ. ಎರಡು ಎಂಜಿನ್ನುಗಳು ಸುರಂಗದ ಬಾಯಲ್ಲಿ ಒಂದು ಗೇಣು ದೂರದಲ್ಲಿ ನಿಂತವು. ಹುಡುಗನ ಕಿವಿ ಕೆಂಪಾಗಿತ್ತು. ಮೇಷ್ಟ್ರು ಮಾತ್ರ ಶಿಷ್ಯನೊಬ್ಬ ಸಿಕ್ಕ ಉತ್ಸಾಹದಲ್ಲಿ ನಂಬರ್ ಬದಲಿಸುವುದನ್ನು ಹೇಳಿಕೊಡಲು ಕೂತರು.

ಪರರ ಹಳಿಯ ಮೇಲೆ ಬೋಗಿಯ ಬಂಡವಾಳ ಬಯಲಾಗುತ್ತದೆ. ಹುಡುಗನ ಐಸಿಎಫ್ ಬೋಗಿ ಇಪ್ಪತ್ತನಾಲ್ಕೂವರೆ ಸೆಂಟಿಮೀಟರ್ ಉದ್ದ, ಗಾಳಿಯಷ್ಟು ಹಗುರ. ದೊಡ್ಡಜಾಲದಲ್ಲಿ ಹಳಿ ಕವಲೊಡೆಯುವ ಪಾಯಿಂಟ್ಸ್ ದಾಟುವಾಗ ಹಳಿ ತಪ್ಪಿತು, ಮತ್ತೆ ಇಟ್ಟರೆ ಮತ್ತೆ ತಪ್ಪಿತು. ಎನ್‌ಎಂಆರ್‌ಎ ಲೆಕ್ಕದ ಪ್ರಕಾರ ಅಷ್ಟುದ್ದದ ಬೋಗಿ ಸುಮಾರು 165 ಗ್ರಾಂ ತೂಗಬೇಕು. ಯಜಮಾನರು ಡ್ರಾಯರ್ ಎಳೆದು ಟೈರ್ ಅಂಗಡಿಯವರು ವೀಲ್ ಬ್ಯಾಲೆನ್ಸಿಂಗಿಗೆ ಅಂಟಿಸುವ ತೂಕದ ಪಟ್ಟಿ ತೆಗೆದರು. ಒಂದೊಂದೇ ತುಂಡು ಮುರಿದು ಬೋಗಿಯ ಒಳನೆಲಕ್ಕೆ ಒತ್ತಿದರು, ಎರಡೂ ಚಕ್ರದ ಜೋಡಿಯ ಮೇಲೆ ಸಮನಾಗಿ. ತಕ್ಕಡಿ ಕೂಡ ಕೆಳಗಿನಿಂದ ಬಂತು. ಆಮೇಲೆ ಬೋಗಿ ಪಾಯಿಂಟ್ಸ್ ಮೇಲೆ ಟಕ್‌ಟಕ್ಕೆಂದು ದಾಟಿತು.

ಬೋಗಿಗಳನ್ನು ಜೋಡಿಸುವ ಕಪ್ಲಿಂಗಿನದು ಬೇರೆ ಕಥೆ. ಒಬ್ಬರದು ಕೊಕ್ಕೆ, ಇನ್ನೊಬ್ಬರದು ಗೆಣ್ಣು. ನಿಜದ ರೈಲಿನಲ್ಲೂ ಹಳೆಯ ಐಸಿಎಫ್‌ಗೆ ಸ್ಕ್ರೂ, ಹೊಸ ಎಲ್‌ಎಚ್‌ಬಿ ಬೋಗಿಗೆ ಸೆಂಟರ್ ಬಫರ್ ಕಪ್ಲರ್. ಇಲ್ಲಿ ಅದಕ್ಕೆಂದೇ ಒಂದು ವ್ಯಾಗನ್ ಇದೆ, ಒಂದು ಮೂತಿಗೆ ಒಂದು ತರಹ, ಇನ್ನೊಂದು ಮೂತಿಗೆ ಇನ್ನೊಂದು ತರಹ. ಬಣ್ಣ ಉದುರಿದ್ದು, ನೋಡಲು ಏನೂ ಚೆಂದವಿಲ್ಲ. ಆದರೆ ಅದು ಬರದೆ ಯಾವ ಉದ್ದನೆಯ ಗಾಡಿಯೂ ಹೊರಡುವುದಿಲ್ಲ.

ಊಟ ಮುಗಿದ ಮೇಲೆ ಅಂಥದೊಂದು ಗಾಡಿ ಹೊರಟಿತು. ಹುಡುಗನ ಡೀಸೆಲ್, ಅದರ ಹಿಂದೆ ಬಸವೇಶ್ವರನಗರದ ನಾಲ್ಕು ನೀಲಿ ಬೋಗಿ, ಎರಡು ಮೂತಿಯ ವ್ಯಾಗನ್, ಆಮೇಲೆ ಮೇಷ್ಟ್ರ ಅದಿರು ತುಂಬುವ ಬಾಕ್ಸ್‌ಎನ್ ಸಾಲು. ಪ್ಯಾಸೆಂಜರಿಗೆ ಗೂಡ್ಸ್ ಕಟ್ಟಿದ್ದನ್ನು ಹುಬ್ಬಳ್ಳಿಯ ನೈಋತ್ಯ ರೈಲ್ವೆ ಕಚೇರಿ ಮೆಚ್ಚುತ್ತಿರಲಿಲ್ಲ, ಇಲ್ಲಿ ಕೇಳುವವರಿಲ್ಲ. ದೊಡ್ಡಜಾಲದಿಂದ ಯಡಕುಮೇರಿಗೆ ಎರಡು ಹೆಜ್ಜೆ, ಯಡಕುಮೇರಿಯಿಂದ ಸುಂಕದಕಟ್ಟೆಗೆ ಇನ್ನೆರಡು. ಎಲ್ಲರೂ ಹಲಗೆಯ ಮಟ್ಟಕ್ಕೆ ಕಣ್ಣು ತಂದು, ಮೊಣಕಾಲೂರಿ, ಫೋನು ಹಿಡಿದಿದ್ದಾರೆ. ಮೇಷ್ಟ್ರು ಮಾತ್ರ ನೋಡುತ್ತಿದ್ದುದು ತಮ್ಮ ವ್ಯಾಗನ್ನುಗಳು ಪರರ ಊರಿನಲ್ಲಿ ಹೇಗೆ ಕಾಣುತ್ತವೆಂದು.

ಸಂಜೆ ಡಬ್ಬ ತುಂಬುವಾಗ ಎಲ್ಲರೂ ಬೋಗಿಗಳನ್ನು ತಿರುವಿ ಹೊಟ್ಟೆ ನೋಡಿಕೊಂಡರು. ಅಲ್ಲಿ ನೇಲ್ ಪಾಲಿಷಿನ ಚುಕ್ಕೆಯಿರುತ್ತದೆ: ಕೆಂಪು ಬಸವೇಶ್ವರನಗರ, ಹಸಿರು ಕೆಂಗೇರಿ, ಬೆಳ್ಳಿ ಯಜಮಾನರು. ಹುಡುಗನಿಗೆ ಇನ್ನೂ ಬಣ್ಣ ನಿಗದಿಯಾಗಿಲ್ಲ. “ನಮ್ಮಕ್ಕನ ಹತ್ರ ನೇರಳೆ ಇದೆ” ಅಂದ. ಹಸಿರು ಚುಕ್ಕೆಯ ಎರಡು ವ್ಯಾಗನ್ ಮಾತ್ರ ಬಸವೇಶ್ವರನಗರದ ಡಬ್ಬಕ್ಕೆ ಹೋದವು.

“ಇರಲಿ ಮೇಷ್ಟ್ರೇ, ಸ್ವಲ್ಪ ತುಕ್ಕಿನ ಬಣ್ಣ ಹೊಡೆದು ಕೊಡ್ತೀನಿ. ಹೊಸ ವ್ಯಾಗನ್ ಥರ ಮಿಂಚ್ತಿವೆ.”

“ಹೊಡೀರಿ. ಆದ್ರೆ ಮುಂದಿನ ಸಲ ಬರದೇ ಇದ್ರೆ ಡೆಮರೇಜ್ ಹಾಕ್ತೀನಿ, ಗಂಟೆ ಲೆಕ್ಕದಲ್ಲಿ.”

“ಅದನ್ನ ಮಾಗಡಿ ರೋಡ್ ಟ್ರಾಫಿಕ್‌ಗೆ ಹಾಕಿ ಸಾರ್!” ಮೆಟ್ಟಿಲಿನ ಕೆಳಗಿನಿಂದ ಹುಡುಗ ಕೂಗಿದ.