ಕೈಮುಗಿದ ಮನೆಗಳ ಊರಿನಲ್ಲಿ

ಜನವರಿ ತಿಂಗಳ ಒಂದು ಬೆಳಗು. ಟೋಕಿಯೋ ನಗರದ ಮೇಲೆ ತೊಳೆದಿಟ್ಟಂತಹ ನೀಲಿ ಆಕಾಶ, ಎಳೆಬಿಸಿಲು. ಗಾಳಿ ಮಾತ್ರ ಕಿವಿಯನ್ನು ಕೊರೆಯುತ್ತಿತ್ತು. ಬೆಂಗಳೂರಿನಿಂದ ಬಂದಿದ್ದ ದಂಪತಿಗಳು ಪಶ್ಚಿಮದ ಕಡಲ ಕರೆಗೆ ಹೋಗುವ ಷಿಂಕಾನ್‌ಸೆನ್ ರೈಲನ್ನು ಹತ್ತಿದರು. ಪತಿಗೆ ಅರವತ್ತೆಂಟರ ಪ್ರಾಯ, ಪತ್ನಿಗೆ ಅರವತ್ತಮೂರು. ಮಕ್ಕಳು ತಂತಮ್ಮ ಸಂಸಾರಗಳಲ್ಲಿ ನೆಲೆಯಾದ ಮೇಲೆ ಇಬ್ಬರೇ ಕೈಗೊಂಡ ಮೊದಲ ದೂರಪ್ರವಾಸವಿದು.

ನೋಡತಕ್ಕ ಸ್ಥಳಗಳ ಪಟ್ಟಿ ಪತಿಯ ಕೈಯಲ್ಲಿತ್ತು. ಪಟ್ಟಿಯಲ್ಲಿಲ್ಲದ ಒಂದು ವಿಷಯ ಇಬ್ಬರ ಮನಸ್ಸಿನಲ್ಲಿಯೂ ಇತ್ತು. ಸಾಗರದ ಸೀಮೆಯ ಹಳ್ಳಿಯೊಂದರಲ್ಲಿ ಅವರದೊಂದು ಹೆಂಚಿನ ಮನೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯುವ ಹೊತ್ತಿಗೆ, ಶರಾವತಿಯಲ್ಲಿ ಮುಳುಗಲಿದ್ದ ಹಳೆಯ ಮನೆಯ ಕಂಬಗಳನ್ನು ಕಿತ್ತು, ಗಾಡಿಗಳ ಮೇಲೆ ಹೇರಿ ತಂದು, ಹಿರಿಯರು ಎತ್ತರದ ನೆಲದಲ್ಲಿ ಮತ್ತೆ ನಿಲ್ಲಿಸಿದ ಮನೆ. ಅತ್ತೆಯವರು ತೀರಿಕೊಂಡಂದಿನಿಂದ, ಆರು ವರ್ಷ, ಅದಕ್ಕೆ ಬೀಗ. ಕೊಳ್ಳುವವರು ಕೇಳಿಕೊಂಡು ಬಂದಿದ್ದರು. ಹಿಂದಿರುಗಿದೊಡನೆ ಉತ್ತರ ಹೇಳಬೇಕಾಗಿತ್ತು. ಮಾರಿಬಿಡುವುದೇ ಲೇಸೆಂದು ಪತಿ ಒಮ್ಮೆ ಅಂದಿದ್ದರು. ಪತ್ನಿ ಹೂಂ ಎಂದಿರಲಿಲ್ಲ. ಉಹೂಂ ಎಂದೂ ಇರಲಿಲ್ಲ.

ರೈಲು ನಾಗಾನೋ ಸೀಮೆಯ ಪರ್ವತಗಳ ಸುರಂಗಗಳನ್ನು ಹಾದು ಹೊರಬಂದಾಗ ಲೋಕವೇ ಬೇರೆಯಾಗಿತ್ತು. ಬಿಸಿಲು ಮಾಯವಾಗಿ ಗದ್ದೆ, ತೋಟ, ಮನೆಗಳ ಮಾಡು ಎಲ್ಲವೂ ಬೆಳ್ಳಗಾಗಿದ್ದವು. ಒಂದೇ ದ್ವೀಪದಲ್ಲಿ ಇದೆಂತಹ ಅಂತರ? ಸೈಬೀರಿಯಾದಿಂದ ಬೀಸುವ ಶೀತಮಾರುತಗಳು ಜಪಾನ್ ಸಮುದ್ರವನ್ನು ದಾಟುವಾಗ ನೀರಾವಿಯನ್ನು ಹೀರಿಕೊಂಡು ಬಂದು, ನಡುನಾಡಿನ ಪರ್ವತಗಳಿಗೆ ತಾಗಿ ಹಿಮವಾಗಿ ಸುರಿಯುತ್ತವೆ. ತೇವ ಕಳೆದುಕೊಂಡ ಗಾಳಿ ಟೋಕಿಯೋದ ಕಡೆಗೆ ಒಣದಾಗಿ ಇಳಿಯುತ್ತದೆ. ಸಹ್ಯಾದ್ರಿಯು ಮುಂಗಾರಿನ ಮೋಡವನ್ನು ತಡೆದು ಮಲೆನಾಡಿಗೆ ಮಳೆಯನ್ನೂ ಬಯಲುಸೀಮೆಗೆ ಬರಿಯ ಗಾಳಿಯನ್ನೂ ಹಂಚುವಂತೆಯೇ ಇದು.

ಕಿಟಕಿಯ ಬಳಿ ಕುಳಿತಿದ್ದ ಪತ್ನಿಯ ಕಣ್ಣಿಗೆ ಮತ್ತೊಂದು ಸಂಗತಿ ಬಿದ್ದಿತು. ಕೆಲವು ಮನೆಗಳ ಮುಂದೆ ಹಿಮವನ್ನು ಗೋರಿ ದಾರಿ ಮಾಡಿದ್ದರು. ಕೆಲವು ಮನೆಗಳ ಬಾಗಿಲಲ್ಲಿ ಹಿಮ ಬಿದ್ದದ್ದು ಬಿದ್ದಂತೆಯೇ ಇತ್ತು. ಯುವಕರು ನಗರ ಸೇರುತ್ತಿರುವ, ಜನಸಂಖ್ಯೆಯೇ ಇಳಿಯುತ್ತಿರುವ ನಾಡು ಅದು. ೨೦೨೩ರ ಸರಕಾರೀ ಸಮೀಕ್ಷೆಯಲ್ಲಿ ಜಪಾನಿನಲ್ಲಿ ಖಾಲಿ ಬಿದ್ದಿದ್ದ ಮನೆಗಳು ಸುಮಾರು ೯೦ ಲಕ್ಷ; ಅಂದರೆ ನೂರಕ್ಕೆ ೧೩.೮ರಷ್ಟು.

ಕಾನಾಜಾವಾ ಪಟ್ಟಣವನ್ನು ಆಳಿದ ಮಾಯೆದಾ ಪಾಳೆಯಗಾರರ ಕೆನ್‌ರೋಕುಯೆನ್ ಉದ್ಯಾನದಲ್ಲಿ ದಂಪತಿಗಳು ಅರ್ಧ ದಿನ ಕಳೆದರು. ಅಲ್ಲಿಯ ಹಿಮ ಹತ್ತಿಯಂತೆ ಹಗುರವಾದುದಲ್ಲ, ನೀರುಂಡು ಭಾರವಾದುದು. ಅದರ ಹೊರೆಗೆ ಪೈನ್ ಮರಗಳ ಕೊಂಬೆಗಳು ಮುರಿಯದಿರಲೆಂದು ಪ್ರತಿ ನವೆಂಬರ್ ೧ರಿಂದ ತೋಟಿಗರು ಮರದ ಪಕ್ಕದಲ್ಲಿ ಎತ್ತರದ ಕಂಬ ನಿಲ್ಲಿಸಿ, ಅದರ ತುದಿಯಿಂದ ಕೊಂಬೆ ಕೊಂಬೆಗೂ ಹಗ್ಗ ಇಳಿಬಿಟ್ಟು ಕಟ್ಟುತ್ತಾರೆ. ಈ ಕಟ್ಟಿಗೆ ಯುಕಿತ್ಸುರಿ ಎಂದು ಹೆಸರು. ದೂರದಿಂದ ನೋಡಿದರೆ ಮರಗಳು ಬಿಚ್ಚಿದ ಕೊಡೆಗಳಂತೆ ಕಾಣುತ್ತವೆ.

ಊಟದ ವಿಷಯದಲ್ಲಿ ಮಾತ್ರ ಪರದಾಟ. ಸಾರೆಂದು ಬಟ್ಟಲಿಗೆ ಬರುವುದೆಲ್ಲ ಸಾಮಾನ್ಯವಾಗಿ ಒಣಮೀನಿನ ಕಷಾಯದಲ್ಲಿ ಕುದಿದದ್ದು. ಸಸ್ಯಾಹಾರಿಗಳಾದ ದಂಪತಿಗಳಿಗೆ ಬಿಳಿ ಅನ್ನ, ಸುಟ್ಟ ಗೆಣಸು, ಬೆಂಗಳೂರಿನಿಂದ ಒಯ್ದಿದ್ದ ಚಟ್ನಿಪುಡಿಗಳೇ ಆಪದ್ಬಾಂಧವರಾದವು.

ಕಾನಾಜಾವಾದಿಂದ ಬಸ್ಸಿನಲ್ಲಿ ಸುಮಾರು ಒಂದೂಕಾಲು ಗಂಟೆಯ ದಾರಿ ಶಿರಾಕಾವಾ ಕಣಿವೆ. ಇಲ್ಲಿಯ ಓಗಿಮಾಚಿ ಗ್ರಾಮವನ್ನು, ನೆರೆಯ ಗೋಕಾಯಾಮಾದ ಎರಡು ಗ್ರಾಮಗಳೊಡನೆ, ೧೯೯೫ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹುಲ್ಲು ಹೊದೆಸಿದ ಕಡಿದಾದ ಮಾಡು ಎರಡು ಅಂಗೈ ಜೋಡಿಸಿದಂತಿರುವುದರಿಂದ ಈ ಮನೆಗಳ ಶೈಲಿಗೆ ಗಾಶ್ಶೋ, ಎಂದರೆ ಕೈಮುಗಿದದ್ದು, ಎಂಬ ಹೆಸರು. ಇಳಿಜಾರು ಸುಮಾರು ೬೦ ಡಿಗ್ರಿ. ಹಿಮ ನಿಲ್ಲದೆ ಜಾರಲೆಂದು. ಮಾಡಿನ ಮರಗಳಿಗೆ ಮೊಳೆಯಿಲ್ಲ. ಹಗ್ಗದಿಂದಲೂ ಬಳುಕುವ ಕಡ್ಡಿಗಳಿಂದಲೂ ಬಿಗಿದ ಕಟ್ಟು. ಅಟ್ಟದಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದರು. ಕೆಳಗೆ ನಡುಮನೆಯಲ್ಲಿ ಇರೋರಿ ಎಂಬ ನೆಲದೊಲೆ. ಅದರ ಹೊಗೆ ಅಟ್ಟಕ್ಕೇರಿ, ಹುಲ್ಲಿಗೆ ಹುಳು ಹಿಡಿಯದಂತೆ ಕಾಯುತ್ತದೆ.

ಆ ರಾತ್ರಿ ದಂಪತಿಗಳು ಅಂತಹುದೇ ಒಂದು ಮನೆಯಲ್ಲಿ ತಂಗಿದರು. ವೃದ್ಧೆಯಾದ ಮನೆಯೊಡತಿ ಅಂಗಳದ ಹಿಮವನ್ನು ಗೋರಿ ಬಂದು, ಬಾಗಿ ನಮಸ್ಕರಿಸಿ, ಚಹಾ ಇಟ್ಟರು. ಮಸಿಯಿಂದ ಕಪ್ಪಾದ ತೊಲೆಗಳನ್ನು ಪತ್ನಿ ಬಹಳ ಹೊತ್ತು ನೋಡುತ್ತಿದ್ದರು.

"ನಮ್ಮ ಅಡಿಗೆಮನೆಯ ಅಟ್ಟದ ಹಾಗೇ ಇದೆ ನೋಡಿ," ಎಂದರು.

ಪತಿ ಉತ್ತರ ಕೊಡಲಿಲ್ಲ.

ಈ ಮಾಡುಗಳ ಹುಲ್ಲನ್ನು ಮೂವತ್ತು ನಲವತ್ತು ವರ್ಷಗಳಿಗೊಮ್ಮೆ ಬದಲಿಸಬೇಕು. ಒಂದು ಕುಟುಂಬದಿಂದ ಆಗುವ ಕೆಲಸವಲ್ಲ. ನೂರು ಇನ್ನೂರು ಮಂದಿ ಸಾಲಾಗಿ ಮಾಡು ಹತ್ತಿ ಒಂದೆರಡು ದಿನದಲ್ಲಿ ಮುಗಿಸುತ್ತಾರೆ. ಇಂದು ನನ್ನ ಮನೆಗೆ ನೀನು, ನಾಳೆ ನಿನ್ನ ಮನೆಗೆ ನಾನು. ಇದನ್ನು ಅವರು ಯುಯಿ ಎನ್ನುತ್ತಾರೆ. ಕನ್ನಡದ ರೈತರು ಬಲ್ಲ ಮುಯ್ಯಾಳು ಪದ್ಧತಿಯೇ ಅದು. ಹಳೆಯ ಮನೆಗಳು ಒಂದೊಂದಾಗಿ ಕಣ್ಮರೆಯಾಗುತ್ತಿದ್ದ ಕಾಲದಲ್ಲಿ, ೧೯೭೧ರಲ್ಲಿ, ಓಗಿಮಾಚಿಯ ನಿವಾಸಿಗಳು ಕೂಡಿ ಮೂರು ಕಟ್ಟಳೆಗಳನ್ನು ಮಾಡಿಕೊಂಡರು: ಮಾರಕೂಡದು, ಬಾಡಿಗೆಗೆ ಕೊಡಕೂಡದು, ಕೆಡವಕೂಡದು.

ಮೊದಲನೆಯ ಕಟ್ಟಳೆಯನ್ನು ಕೈಪುಸ್ತಕದಲ್ಲಿ ಓದಿದ ಪತಿ ಪುಸ್ತಕವನ್ನು ಮಡಚಿಟ್ಟರು. ಇಂತಹ ಮನೆಗಳಿದ್ದ ಇದೇ ಕಣಿವೆಯ ಮೇಲ್ಭಾಗದ ಕೆಲವು ಊರುಗಳು ೧೯೬೧ರಲ್ಲಿ ಪೂರ್ಣಗೊಂಡ ಮಿಬೊರೊ ಅಣೆಕಟ್ಟಿನ ನೀರಿನಲ್ಲಿ ಮುಳುಗಿದವೆಂಬುದೂ ಅದರಲ್ಲಿತ್ತು.

ಮುಳುಗಡೆಯಾಗುವ ಮುನ್ನ ಬಿಚ್ಚಿ ಸಾಗಿಸಿದ ಒಂದು ಮನೆಯನ್ನು ದಂಪತಿಗಳು ಮರುದಿನ ತಾಕಾಯಾಮಾ ಪಟ್ಟಣದಲ್ಲಿ ಕಂಡರು. ಪಟ್ಟಣದ ಅಂಚಿನಲ್ಲಿ ಸುತ್ತಣ ಸೀಮೆಯ ಹಳೆಯ ಮನೆಗಳನ್ನು ತಂದು ನಿಲ್ಲಿಸಿರುವ 'ಹಿದಾ ನೋ ಸಾತೋ' ಎಂಬ ಜಾನಪದ ಗ್ರಾಮವಿದೆ. ವಾಕಾಯಾಮಾ ಮನೆತನದ ಆ ದೊಡ್ಡ ಮನೆ ಅಲ್ಲಿ ಹಿಮ ಹೊತ್ತು ನಿಂತಿತ್ತು. ಒಳಗೆ ಯಾರೂ ವಾಸವಿಲ್ಲ. ಆದರೂ ಒಲೆಯಲ್ಲಿ ಬೆಂಕಿ ಉರಿಯುತ್ತಿತ್ತು. ಹೊಗೆಯಾಡದಿದ್ದರೆ ಮಾಡು ಕೆಡುವುದೆಂದು ಗ್ರಾಮದವರು ಒಲೆಯನ್ನು ಹಚ್ಚುತ್ತಾರೆ.

"ಇದನ್ನೂ ಕಿತ್ತು ತಂದದ್ದೇ ನೋಡು," ಎಂದರು ಪತಿ, ಕಂಬವೊಂದರ ಮೇಲೆ ಕೈಯಿಟ್ಟು.

"ತಂದದ್ದು ದೊಡ್ಡದಲ್ಲ, ಒಲೆ ಹಚ್ಚುತ್ತಾ ಇದ್ದಾರಲ್ಲ, ಅದು ದೊಡ್ಡದು," ಎಂದರು ಪತ್ನಿ. "ನಾವು ಬೀಗ ಹಾಕಿಟ್ಟು, ಉಳಿಸಿಕೊಂಡಿದ್ದೇವೆ ಅಂದುಕೊಂಡಿದ್ದೇವೆ. ಹೋದ ಮಳೆಗಾಲ ನಡುಮನೆ ಸೋರಿದ್ದು ನಿಮಗೂ ಗೊತ್ತು."

"ಹಾಗಾದರೆ ಮಾರೋಣ ಅನ್ನುತ್ತೀಯಾ?"

"ಅದು ಆಮೇಲಿನ ಮಾತು. ಈ ಮಳೆಗಾಲ ಅಲ್ಲಿಗೆ ಹೋಗಿ ಒಲೆ ಹಚ್ಚೋಣ. ನಮ್ಮಿಂದ ಇರುವುದಕ್ಕೆ ಆಗದಿದ್ದರೆ, ಇರುವವರಿಗೇ ಕೊಟ್ಟುಬಿಡೋಣ. ಬೀಗಕ್ಕೆ ಬಿಡುವುದು ಮಾತ್ರ ಬೇಡ."

ಪತಿ ಬೆಂಕಿಯನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಅಂದಿನ ರಾತ್ರಿ ವಸತಿಗೃಹದ ಬೆಚ್ಚನೆಯ ಕೋಣೆಯಲ್ಲಿ ಕುಳಿತು, ದೀಪಾವಳಿ ಕಳೆಯುವವರೆಗೂ ಕಾಯಬೇಕೆಂದು ಸಾಗರದವರಿಗೆ ಬರೆದರು. ಬರೆದುದನ್ನು ಪತ್ನಿಗೆ ಓದಿ ಹೇಳಿದರು. ಹೊರಗೆ ಸದ್ದಿಲ್ಲದೆ ಹಿಮ ಬೀಳುತ್ತಲೇ ಇತ್ತು.

ಆಕೆ ಈ ಬಾರಿ ಹೂಂ ಎಂದರು.