ಕಾರು ನಿಮ್ಮದು, ಬೀಗದಕೈ ಯಾರದು?

ಪೂರ್ತಿ ದುಡ್ಡು ಕೊಟ್ಟಿದ್ದೀರಿ.
ಆರ್‌ಸಿಯಲ್ಲಿ ನಿಮ್ಮದೇ ಹೆಸರು.
ಹಾಗಿದ್ದ ಮೇಲೆ ಕಾರನ್ನ ಎಲ್ಲಿ ರಿಪೇರಿ ಮಾಡಿಸಬೇಕು ಅಂತ
ಕಂಪನಿ ಯಾಕೆ ಹೇಳಬೇಕು?

ಡ್ಯಾಶ್‌ಬೋರ್ಡಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡಿದೆ ಅಂದ್ಕೊಳ್ಳಿ.
ಬೀದಿ ಕೊನೇಲಿರೋ ಗ್ಯಾರೇಜಿಗೆ ಹೋಗ್ತೀರಿ.
ಮೆಕ್ಯಾನಿಕ್ ಅಣ್ಣ ಬಗ್ಗಿ,
ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಸಿಕ್ಕಿಸ್ತಾರೆ.
ಕೋಡ್ ಬರುತ್ತೆ. ತೊಂದರೆ ಎಲ್ಲಿದೆ ಅಂತ ಗೊತ್ತಾಗುತ್ತೆ.
ಹೊಸ ಭಾಗವನ್ನೂ ಹಾಕ್ತಾರೆ.

ಆದರೆ ಅದನ್ನ ಕಾರಿನ ಕಂಪ್ಯೂಟರ್ ಒಪ್ಪಬೇಕಲ್ಲ?
ಎಷ್ಟೋ ಕಾರುಗಳಲ್ಲಿ ಅದಕ್ಕೆ ಕಂಪನಿಯದೇ ಸಾಫ್ಟ್‌ವೇರ್ ಬೇಕು.
ಮೆಕ್ಯಾನಿಕ್‌ಗೆ ಎಷ್ಟೇ ವರ್ಷದ ಅನುಭವ ಇದ್ದರೂ
ಅವರ ಕೈ ಅಲ್ಲೇ ನಿಂತುಬಿಡುತ್ತೆ.

ಮನೆ ಮಾರಿದವನು
ಅಡುಗೆಮನೆ ಬೀಗದಕೈನ ತನ್ನ ಜೇಬಲ್ಲೇ ಇಟ್ಕೊಂಡ ಹಾಗೆ ಇದು.

ಬರೀ ಗ್ರಾಹಕರ ಗೊಣಗಾಟ ಅಂದ್ಕೋಬೇಡಿ.
2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ
14 ಕಾರು ಕಂಪನಿಗಳಿಗೆ ದಂಡ ಹಾಕ್ತು.
ಎಷ್ಟು? ಸುಮಾರು 2,544 ಕೋಟಿ ರೂಪಾಯಿ!
ಬಿಡಿಭಾಗಗಳು, ದೋಷ ಪತ್ತೆ ಮಾಡೋ ಉಪಕರಣಗಳು
ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಕ್ಕೆ.

ಕಂಪನಿಗಳು ಸುಮ್ಮನಿರಲಿಲ್ಲ, ಕಾನೂನು ಹೋರಾಟಕ್ಕೆ ಇಳಿದವು.
ಆದರೆ ಆ ಆದೇಶದ ಒಂದು ಮಾತು ನಿಮಗೆ ಗೊತ್ತಿರಲೇಬೇಕು:
ಹೊರಗೆ ರಿಪೇರಿ ಮಾಡಿಸಿದ್ರು ಅನ್ನೋ ಒಂದೇ ಕಾರಣಕ್ಕೆ
ಇಡೀ ವಾರಂಟಿ ರದ್ದು ಅಂತ ಷರತ್ತು ಹಾಕೋ ಹಾಗಿಲ್ಲ.

2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗಾಗಿ ಪೋರ್ಟಲ್ ತೆರೀತು.
ಅದರಲ್ಲಿ ವಾಹನಗಳೂ ಸೇರಿವೆ.

ಹಾಗಾಗಿ ಮುಂದಿನ ಸಲ ಸರ್ವಿಸ್ ಸೆಂಟರ್‌ನಲ್ಲಿ ಯಾರಾದ್ರೂ
"ಹೊರಗೆ ಮಾಡಿಸಿದ್ರೆ ವಾರಂಟಿ ಹೋಗುತ್ತೆ ಸಾರ್" ಅಂದ್ರೆ,
ಹೆದರಬೇಡಿ.
"ಎಲ್ಲಿ, ಅದನ್ನ ಬರೆದು ಕೊಡಿ" ಅಂತ ಕೇಳಿ.